ತಂಬೂರಿ ನಾಡಿನಲ್ಲಿ ರಾಕ್ ಗಿಟಾರು

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಇರುವುದು ಇಪ್ಪತ್ತು ಕಿಲೋಮೀಟರು. 1962ರಲ್ಲಿ ಎರಡೂ ಊರುಗಳನ್ನು ಒಂದೇ ಮಹಾನಗರ ಪಾಲಿಕೆಯ ಕೆಳಗೆ ತಂದದ್ದಾಯಿತು. ಆದರೆ ಸ್ವಭಾವದಲ್ಲಿ ಅವು ಇಂದಿಗೂ ಎರಡೇ. ಧಾರವಾಡದ್ದು ಜಿಟಿಜಿಟಿ ಮಳೆ, ಗಿಡಮರ, ಕಾಲೇಜು, ಕವಿಗೋಷ್ಠಿ, ಫೇಡೆ. ಹುಬ್ಬಳ್ಳಿಯದು ರೈಲು, ಪೇಟೆ, ಹತ್ತಿ, ಗಿರಣಿ, ಗದ್ದಲ. ಒಂದು ಮೆಲುದನಿ, ಇನ್ನೊಂದು ಏರುದನಿ. ಈ ಎರಡನ್ನೂ ಕೂಡಿಸುವ ಸಂಗತಿ ಒಂದಿದೆ: ಸಂಗೀತ.

ಸಂಗೀತವೆಂದರೆ ಇಲ್ಲಿ ಹಿಂದೂಸ್ತಾನಿ. ಧಾರವಾಡದ ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲ, ಗದುಗಿನ ಕಡೆಯ ಭೀಮಸೇನ ಜೋಶಿ ಎಂದು ಹೆಸರು ಹೇಳುತ್ತ ಹೋದರೆ ಹಿರಿಯರ ಮುಖ ಅರಳುತ್ತದೆ. ಆದರೆ ಇದು ವಿದ್ಯಾರ್ಥಿಗಳ ಊರೂ ಹೌದು. 1917ರ ಕರ್ನಾಟಕ ಕಾಲೇಜು, 1947ರ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು, 1986ರ ಕೃಷಿ ವಿಶ್ವವಿದ್ಯಾಲಯ, 2016ರ ಐಐಟಿ. ಇಷ್ಟು ವಿದ್ಯಾರ್ಥಿಗಳಿರುವಲ್ಲಿ ಗಿಟಾರು ಇರದೆ ಇರುತ್ತದೆಯೆ? ಹಾಸ್ಟೆಲ್ಲಿನ ಕೋಣೆಯಲ್ಲಿ, ಬಾಡಿಗೆ ಮನೆಯ ಮಾಳಿಗೆಯಲ್ಲಿ ನಾಲ್ಕು ಹುಡುಗರು ಕೂಡಿದರೆ ಒಂದು ಬ್ಯಾಂಡು. ಅವರು ನುಡಿಸಬಯಸುವುದು ರಾಕ್, ಅದರಲ್ಲೂ ಭಾರೀ ಸದ್ದಿನ ಹೆವಿ ರಾಕ್. ಕೆಳಗಿನಿಂದ ಅವ್ವನ ಕೂಗು: ‘ಗದ್ದಲ ಸಾಕು ಮಾಡೋ ತಮ್ಮಾ!’

ಅದು ಬರೀ ಗದ್ದಲವೆ? ಅಥವಾ ಅದಕ್ಕೂ ಒಂದು ಕಟ್ಟುವಿಕೆ, ಒಂದು ಶಿಸ್ತು ಇದೆಯೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಹುಬ್ಬಳ್ಳಿಯಿಂದ ಕುಂದಗೋಳದ ಮೇಲೆ ಹಾಯ್ದು ಶಿಶುನಾಳದವರೆಗೆ ಹೋಗಿಬರುವುದು ಒಳ್ಳೆಯ ದಾರಿ. ಹೊರಡುವ ಮುನ್ನ ಮಾತ್ರ ಮನಸ್ಸಿನಲ್ಲೇ ಒಮ್ಮೆ ಸ್ವಿಟ್ಜರ್ಲೆಂಡಿಗೆ ಹೋಗಿಬರಬೇಕು.

ಬೆಂಕಿಯಿಂದ ಹುಟ್ಟಿದ ಹಾಡು

1971ರ ಡಿಸೆಂಬರ್ ತಿಂಗಳು. ಇಂಗ್ಲೆಂಡಿನ ‘ಡೀಪ್ ಪರ್ಪಲ್’ ಎಂಬ ಐದು ಜನರ ಬ್ಯಾಂಡು ಹಾಡುಗಳ ಧ್ವನಿಮುದ್ರಣಕ್ಕೆಂದು ಜಿನೀವಾ ಸರೋವರದ ದಂಡೆಯ ಮಾಂಟ್ರೂ ಪಟ್ಟಣಕ್ಕೆ ಬಂದಿತ್ತು. ಅಲ್ಲಿನ ಕ್ಯಾಸಿನೋದ ರಂಗಮಂದಿರವೇ ಅವರ ಸ್ಟುಡಿಯೋ ಆಗಬೇಕಿತ್ತು. ಡಿಸೆಂಬರ್ 4ರಂದು ಅಲ್ಲಿ ಫ್ರಾಂಕ್ ಜಪ್ಪಾ ಎಂಬಾತನ ಕಾರ್ಯಕ್ರಮ ನಡೆದಾಗ ಪ್ರೇಕ್ಷಕನೊಬ್ಬ ಫ್ಲೇರ್ ಗನ್ ಹಾರಿಸಿದ. ಚಾವಣಿಗೆ ಬೆಂಕಿ ಹತ್ತಿ ಇಡೀ ಕಟ್ಟಡ ಸುಟ್ಟುಹೋಯಿತು. ಹೊಗೆ ಸರೋವರದ ಮೇಲೆ ಹರಡಿದ್ದನ್ನು ಬ್ಯಾಂಡಿನವರು ಕಂಡರು.

ಸ್ಟುಡಿಯೋ ಹೋಯಿತು. ಊರಿನ ಇನ್ನೊಂದು ರಂಗಮಂದಿರದಲ್ಲಿ ವಾದ್ಯದ ಭಾಗವನ್ನಷ್ಟೇ ಮುದ್ರಿಸಿಕೊಳ್ಳುವಷ್ಟರಲ್ಲಿ ನೆರೆಹೊರೆಯವರು ಸದ್ದಿನ ಬಗ್ಗೆ ದೂರು ಕೊಟ್ಟು ಪೊಲೀಸರು ಬಾಗಿಲು ಬಡಿದರು. ಅವ್ವನ ಕೂಗು ಎಲ್ಲ ದೇಶದಲ್ಲೂ ಒಂದೇ! ಕೊನೆಗೆ ಚಳಿಗಾಲಕ್ಕೆಂದು ಮುಚ್ಚಿದ್ದ ಹೋಟೆಲೊಂದರ ಓಣಿಗಳಲ್ಲಿ ವಾದ್ಯಗಳನ್ನು ಹೂಡಿ ಉಳಿದ ಕೆಲಸ ಮುಗಿಸಿದರು.

ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್ ಕೊಟ್ಟಿದ್ದ ಒಂದು ಪುಟ್ಟ ಸ್ವರಗುಚ್ಛ ಅವರ ಬಳಿ ಇತ್ತು. ಹಾಡಿನುದ್ದಕ್ಕೂ ಮರಳಿ ಮರಳಿ ಬರುವ ಇಂಥ ಗುಚ್ಛಕ್ಕೆ ರಾಕ್ ಸಂಗೀತಗಾರರು ‘ರಿಫ್’ ಎನ್ನುತ್ತಾರೆ. ಅದಕ್ಕೆ ಮಾತು ಇರಲಿಲ್ಲ. ಬೇಸ್ ಗಿಟಾರಿನ ರೋಜರ್ ಗ್ಲೋವರ್‌ಗೆ ನೀರ ಮೇಲಿನ ಹೊಗೆ ಎಂಬ ಹೆಸರು ನಿದ್ದೆಯಿಂದ ಏಳುವಾಗ ಹೊಳೆಯಿತು. ಗಾಯಕ ಇಯಾನ್ ಗಿಲನ್ ಕಂಡದ್ದನ್ನು ಕಂಡ ಹಾಗೆ ಸಾಹಿತ್ಯವಾಗಿಸಿದ. ‘ಸ್ಮೋಕ್ ಆನ್ ದ ವಾಟರ್’ 1972ರಲ್ಲಿ ‘ಮಷೀನ್ ಹೆಡ್’ ಆಲ್ಬಮ್ಮಿನಲ್ಲಿ ಹೊರಬಂತು. ಜಗತ್ತಿನಲ್ಲಿ ಗಿಟಾರು ಹಿಡಿದ ಹುಡುಗರೆಲ್ಲ ಮೊದಲು ಕಲಿಯುವ ಹಾಡುಗಳಲ್ಲಿ ಅದೂ ಒಂದು.

ಅದರ ಕಟ್ಟಡವನ್ನು ಗಮನಿಸಬೇಕು. ಮೊದಲು ಗಿಟಾರು ಒಂದೇ. ಆಮೇಲೆ ತಾಳದ ಸಣ್ಣ ಸದ್ದು ಮತ್ತು ಜಾನ್ ಲಾರ್ಡ್‌ನ ಆರ್ಗನ್. ಆಮೇಲೆ ಪೂರ್ತಿ ಡ್ರಮ್ಸ್, ಅನಂತರ ಬೇಸ್, ಎಲ್ಲಕ್ಕಿಂತ ಕೊನೆಗೆ ಕಂಠ. ಒಬ್ಬೊಬ್ಬರೇ ಒಳಬರುತ್ತಾರೆ, ಬರುವತನಕ ಉಳಿದವರು ಸುಮ್ಮನಿರುತ್ತಾರೆ. ಹಾಡಿಗೆ ಭಾರ ಬಂದದ್ದು ಐವರೂ ಒಟ್ಟಿಗೆ ಕಿರುಚಿದ್ದರಿಂದಲ್ಲ, ಕಾದದ್ದರಿಂದ. ರಿಫ್ ಒಬ್ಬನದು, ಹೆಸರು ಇನ್ನೊಬ್ಬನದು, ಮಾತು ಮತ್ತೊಬ್ಬನದು. ರಚನಕಾರರ ಪಟ್ಟಿಯಲ್ಲಿ ಮಾತ್ರ ಐವರ ಹೆಸರೂ ಇದೆ.

ಸಾ-ಪಾ ಎಂಬ ನೆಲ

ಇನ್ನು ಹುಬ್ಬಳ್ಳಿಗೆ ಮರಳೋಣ. ಉಣಕಲ್ಲಿನಲ್ಲಿ ಗಂಗೂಬಾಯಿ ಹಾನಗಲ್ಲ ಅವರ ಹೆಸರಿನ ಗುರುಕುಲವಿದೆ. ಇಂಥ ಕಡೆ ಪಾಠ ಶುರುವಾಗುವುದು ತಂಬೂರಿಯಿಂದ. ಸಾಮಾನ್ಯವಾಗಿ ಅದರ ಮೊದಲ ತಂತಿ ಮಂದ್ರ ಪಂಚಮಕ್ಕೆ, ನಡುವಿನ ಎರಡು ಮಧ್ಯ ಷಡ್ಜಕ್ಕೆ, ಕೊನೆಯದು ಮಂದ್ರ ಷಡ್ಜಕ್ಕೆ. ರಾಗ ಯಾವುದೇ ಇರಲಿ, ಕೆಳಗೆ ಹಾಸಿದ ಜಮಖಾನದಂತೆ ಸಾ-ಪಾ ಮೊಳಗುತ್ತಿರುತ್ತದೆ.

ಹೆವಿ ರಾಕ್ ನುಡಿಸುವವರು ‘ಪವರ್ ಕಾರ್ಡ್’ ಎಂದು ಕರೆಯುವುದು ಇದನ್ನೇ: ಸಾ ಮತ್ತು ಪಾ ಎರಡನ್ನೇ ಒಟ್ಟಿಗೆ ಮೀಟುವುದು. ಬ್ಲ್ಯಾಕ್‌ಮೋರನ ರಿಫ್‌ನಲ್ಲಿ ಮೊದಲ ಜೋಡಿ ಕೆಳಗೆ ಮಂದ್ರ ಪಂಚಮ, ಮೇಲೆ ಷಡ್ಜ. ತಂಬೂರಿಯ ಮೊದಲೆರಡು ತಂತಿಗಳ ಅಂತರವೂ ಅದೇ. ಆತ ಅದನ್ನು ಮೀಟಿದ್ದೂ ಪ್ಲೆಕ್ಟ್ರಮ್ಮಿನಿಂದ ಅಲ್ಲ, ಬೆರಳಿನಿಂದ. ಮೇಲಿನ ಸಾಲಿನಲ್ಲಿ ಇರುವುದು ನಾಲ್ಕೇ ಸ್ವರ: ಷಡ್ಜ, ಕೋಮಲ ಗಾಂಧಾರ, ಶುದ್ಧ ಮಧ್ಯಮ, ತೀವ್ರ ಮಧ್ಯಮ. ಎರಡು ಮಧ್ಯಮಗಳು ಪಕ್ಕಪಕ್ಕದಲ್ಲಿ ಬರುವುದು ಲಲಿತ್ ರಾಗ ಕೇಳಿದ ಧಾರವಾಡದ ಕಿವಿಗೆ ಹೊಸತೇನಲ್ಲ. ವ್ಯತ್ಯಾಸ ಇಷ್ಟೆ: ತಂಬೂರಿಯಲ್ಲಿ ಜೋಡಿ ನಿಂತಲ್ಲೇ ನಿಲ್ಲುತ್ತದೆ, ಗಿಟಾರಿನಲ್ಲಿ ಜೋಡಿಯೇ ನಡೆದಾಡುತ್ತದೆ.

ಮತ್ತೆ ಆ ಗರಗರ ಸದ್ದು? ಅದಕ್ಕೂ ಇಲ್ಲಿ ನೆಂಟಸ್ತಿಕೆ ಇದೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲೆಳೆ ಇಟ್ಟು ಅತ್ತಿತ್ತ ಸರಿಸಿದರೆ ತಂತಿ ಕುದುರೆಗೆ ಸವರಿ ಝೇಂಕರಿಸುತ್ತದೆ. ಇದೇ ಜವಾರಿ. ಒಂದು ಸ್ವರದೊಳಗೆ ಅಡಗಿರುವ ಉಪಸ್ವರಗಳೆಲ್ಲ ಆಗ ಮೇಲೆದ್ದು ಬರುತ್ತವೆ. ಗಿಟಾರಿನ ‘ಡಿಸ್ಟಾರ್ಷನ್’ ಮಾಡುವುದೂ ಸ್ವರಕ್ಕೆ ಉಪಸ್ವರ ಸೇರಿಸುವ ಕೆಲಸವನ್ನೇ. ಆದರೆ ಅಲ್ಲಿ ನೂಲೆಳೆಯ ಬದಲು ಆಂಪ್ಲಿಫೈಯರು. ತನ್ನ ಶಕ್ತಿ ಮೀರಿ ತುಂಬಿದ ಧ್ವನಿಯ ಅಲೆಯ ತಲೆಯನ್ನು ಅದು ಕತ್ತರಿಸುತ್ತದೆ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲೊಂದು ಸ್ವಾರಸ್ಯವಿದೆ. ಸಾ ಸೆಕೆಂಡಿಗೆ 200 ಕಂಪನವಾದರೆ ಪಾ 300. ಎರಡನ್ನೂ ಡಿಸ್ಟಾರ್ಷನ್ ಮೂಲಕ ಕಳುಹಿಸಿದಾಗ ಅವುಗಳ ವ್ಯತ್ಯಾಸದ ಸ್ವರವೂ ಹುಟ್ಟುತ್ತದೆ. 300ರಲ್ಲಿ 200 ಕಳೆದರೆ 100. ಅದು ಸಾಕ್ಷಾತ್ ಕೆಳಗಿನ ಷಡ್ಜ! ಯಾರೂ ನುಡಿಸದ ಮಂದ್ರ ಸ್ವರವೊಂದು ತಾನಾಗಿ ಕೆಳಗೆ ಬಂದು ನಿಲ್ಲುತ್ತದೆ. ಹಾಡು ಭಾರ ಎನಿಸುವುದಕ್ಕೆ ಇದೂ ಒಂದು ಕಾರಣ. ಇದೇ ಜೋಡಿಗೆ ಗಾಂಧಾರವನ್ನು ಸೇರಿಸಿದರೆ ಕೆಸರು. ಶುದ್ಧ ಗಾಂಧಾರ 250 ಇರಬೇಕು. ಗಿಟಾರಿನ ಮೆಟ್ಟಿಲಿನ ಲೆಕ್ಕದಲ್ಲಿ ಅದು ಸುಮಾರು 252. ಆ ಎರಡು ಕಂಪನಗಳ ತಪ್ಪನ್ನು ಡಿಸ್ಟಾರ್ಷನ್ ದೊಡ್ಡದು ಮಾಡಿ ತೋರಿಸುತ್ತದೆ. ಹೀಗಾಗಿಯೇ ಗರಗರ ಸದ್ದಿನ ಗಿಟಾರಿಗರು ಬಹಳ ಮಟ್ಟಿಗೆ ಸಾ-ಪಾ ಬಿಟ್ಟು ಕದಲುವುದಿಲ್ಲ. ಗದ್ದಲದ ಸಂಗೀತಕ್ಕೆ ಸ್ವರಶುದ್ಧಿ ಬೇಡ ಎಂಬುದು ತಪ್ಪು. ಗದ್ದಲ ಹೆಚ್ಚಿದಷ್ಟೂ ಅದು ಹೆಚ್ಚು ಬೇಕು.

ಕುಂದಗೋಳದ ಜಿಪುಣತನ

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೊರಟರೆ ಕರಿಮಣ್ಣಿನ ಬಯಲು. ಹತ್ತಿ, ಮೆಣಸಿನಕಾಯಿ, ಜೋಳದ ಹೊಲಗಳ ನಡುವೆ ಸುಮಾರು 20 ಕಿಲೋಮೀಟರ್ ಹೋದರೆ ಕುಂದಗೋಳ. ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರರ ಊರು ಇದು. ಅವರ ಗುರು ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ ಸಾಹೇಬರು ಇಲ್ಲಿಯ ನಾಡಗೀರ ವಾಡೆಯಲ್ಲಿ ಉಳಿದುಕೊಳ್ಳುತ್ತಿದ್ದರು. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ ಅವರ ಪುಣ್ಯತಿಥಿಯ ಸಂಗೀತೋತ್ಸವಕ್ಕೆ ಅದೇ ವಾಡೆಯ ಹಳೆಯ ಕಂಬಗಳು ನೆರಳಾದವು.

1930ರ ದಶಕದ ಕೊನೆಯಲ್ಲಿ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಬರುತ್ತಿದ್ದದ್ದು ಇಲ್ಲಿಗೆ. ಯುವಕ ಭೀಮಸೇನ ಜೋಶಿ ಸೇವೆ ಮಾಡಿಕೊಂಡು ಕಲಿತದ್ದೂ ಇಲ್ಲೇ. ಜಿಪುಣ ಹಣ ಬಿಚ್ಚುವ ಹಾಗೆ ಒಂದೊಂದೇ ಸ್ವರ ಬಿಚ್ಚಬೇಕು ಎಂಬ ಅರ್ಥದ ಗುರುವಿನ ಬುದ್ಧಿವಾದವನ್ನು ಗಂಗೂಬಾಯಿಯವರು ಮುಂದೆ ನೆನೆಯುತ್ತಿದ್ದರು. ಒಂದೇ ಸ್ವರಗುಚ್ಛವನ್ನು ದಿನಗಟ್ಟಲೆ ತಿದ್ದುವ ಪಾಠ ಅದು. ನಾಲ್ಕೇ ಸ್ವರದ ರಿಫ್‌ನಲ್ಲಿ ಐದಾರು ನಿಮಿಷ ನಿಲ್ಲಬೇಕಾದ ಬ್ಯಾಂಡಿನ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಉಪದೇಶ ಸಿಗಲಾರದು.

ಗಂಗೂಬಾಯಿಯವರ ಕಂಠದ ಕಥೆಯೂ ಇಲ್ಲಿ ಹೇಳಬೇಕಾದದ್ದು. ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ಬಂದ ಅವರ ಮೊದಮೊದಲ ಗ್ರಾಮೊಫೋನ್ ತಟ್ಟೆಗಳಲ್ಲಿ ದನಿ ತೆಳುವು, ಎತ್ತರ. ಗಂಟಲಿನ ಚಿಕಿತ್ಸೆಯ ಬಳಿಕ ಅದು ಗಡುಸಾಯಿತು, ಕೆಳಗಿಳಿಯಿತು. ಬೇರೆಯವರಾದರೆ ಹಾಡುವುದನ್ನೇ ಬಿಡುತ್ತಿದ್ದರೇನೋ. ಅವರು ಆ ದನಿಯನ್ನೇ ತಮ್ಮದಾಗಿಸಿಕೊಂಡು, 2009ರಲ್ಲಿ ತೀರಿಕೊಳ್ಳುವ ತನಕ ದೇಶಕ್ಕೆಲ್ಲ ಗುರುತಾದರು.

ಹೆವಿ ರಾಕ್‌ನ ಹುಟ್ಟಿನಲ್ಲೂ ಇಂಥದೇ ಒಂದು ಪೆಟ್ಟು ಇದೆ. ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ ಹದಿನೇಳರ ಹುಡುಗ ಟೋನಿ ಅಯೋಮಿ ಕೆಲಸದ ಕೊನೆಯ ದಿನ ಯಂತ್ರಕ್ಕೆ ಸಿಕ್ಕು ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ. ಎಡಗೈಯಲ್ಲಿ ಮೀಟುವವನಾದ್ದರಿಂದ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳು ತಂತಿ ಹಾಕಿದ. ಮುಂದೆ ಬಿಗಿ ಕಡಿಮೆಯಾಗಲೆಂದು ತಂತಿಗಳ ಶ್ರುತಿಯನ್ನೇ ಇಳಿಸಿದ. ಶ್ರುತಿ ಇಳಿದದ್ದೇ ಹಾಡಿಗೆ ಭಾರ ಬಂತು. 1970ರಲ್ಲಿ ಮೊದಲ ಆಲ್ಬಮ್ ತಂದ ಆತನ ‘ಬ್ಲ್ಯಾಕ್ ಸಬಾತ್’ ಬ್ಯಾಂಡನ್ನು ಹೆವಿ ಮೆಟಲ್ಲಿನ ಮೂಲವೆಂದು ಜಗತ್ತು ಒಪ್ಪಿಕೊಂಡಿದೆ. ಕುಂದಗೋಳದ ರೈಲಿಗೂ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗೂ ಸಂಬಂಧವಿಲ್ಲ. ಆದರೂ ಕಳೆದುಕೊಂಡದ್ದರಿಂದಲೇ ದನಿ ಕಂಡುಕೊಂಡ ಎರಡು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಲು ಅಡ್ಡಿಯಿಲ್ಲ.

ಶಿಶುನಾಳದ ಮೇಳ

ಕುಂದಗೋಳದಿಂದ ಮುಂದೆ, ಅದೇ ತಾಲ್ಲೂಕಿನಲ್ಲಿ, ಗುರು ಗೋವಿಂದಭಟ್ಟರ ಕಳಸ. ಅದನ್ನು ದಾಟಿ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿಗೆ ಕಾಲಿಟ್ಟರೆ ಸಂತ ಶರೀಫರ ಶಿಶುನಾಳ. ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿದರು. ಬ್ರಾಹ್ಮಣ ಗುರುವಿಗೆ ಮುಸಲ್ಮಾನ ಶಿಷ್ಯ. ಅವರ ಗದ್ದುಗೆಗೆ ಎರಡೂ ಸಮುದಾಯದವರು ಇಂದಿಗೂ ನಡೆದುಕೊಳ್ಳುತ್ತಾರೆ.

ಶರೀಫರು ಕಂಡದ್ದನ್ನೆಲ್ಲ ಪದ ಮಾಡಿದರು. ಸೋರುವ ಮಾಳಿಗೆ, ಸೇದುವ ಗುಡುಗುಡಿ, ನುಡಿಸಲು ಬಾರದವನ ಕೈಗೆ ಸಿಕ್ಕ ತಂಬೂರಿ, ಎಲ್ಲದರ ಮೇಲೂ ಪದವಿದೆ. ಯಂತ್ರದ ಸದ್ದು ಈ ಸೀಮೆಗೆ ಆಗಷ್ಟೇ ಬಂದಿದ್ದ ಕಾಲ. ಗಿರಣಿಯ ಮೇಲೂ ಪದ ಕಟ್ಟಿದರು. ಕಾರ್ಖಾನೆಯ ಸದ್ದಿನೊಳಗಿಂದ ಹಾಡು ತೆಗೆಯುವುದು ಬರ್ಮಿಂಗ್‌ಹ್ಯಾಮಿನವರ ಸ್ವತ್ತೇನಲ್ಲ.

ಈ ಪದಗಳು ಉಳಿದದ್ದು ಪುಸ್ತಕದಿಂದಲ್ಲ, ಬಾಯಿಯಿಂದ. ಊರ ಗುಡಿಯ ಕಟ್ಟೆಯ ಮೇಲೆ ಕೂಡುವ ಭಜನಾ ಮೇಳವೇ ಅವುಗಳ ಉಗ್ರಾಣ. ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ, ತಬಲಾ. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಪಲ್ಲವಿ ಹಿಡಿಯುತ್ತಾರೆ. ಪ್ರತಿ ನುಡಿಯಾದ ಮೇಲೆ ಪಲ್ಲವಿ ಮರಳಿ ಬರುತ್ತದೆ, ರಿಫ್ ಮರಳಿ ಬರುವ ಹಾಗೆ. ಕೊನೆಕೊನೆಗೆ ಲಯ ಏರುತ್ತದೆ. ಎಲ್ಲರೂ ಎದ್ದು ನಿಂತು ಹಾಡುವ ಹೊತ್ತಿಗೆ ಕಟ್ಟೆಯೇ ಕುಣಿದಂತೆ ಭಾಸವಾಗುತ್ತದೆ. ಹೀಗೆ ನೋಡಿದರೆ ಹಳ್ಳಿಯ ಮೇಳವೂ ಒಂದು ಬ್ಯಾಂಡೇ.

ಇಂಥ ಪದಗಳಿಗೆ ಸಿ. ಅಶ್ವತ್ಥ್ ಹೊಸ ಧಾಟಿ ಕೊಟ್ಟರು. ಟಿ.ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಶರೀಫ’ ಚಿತ್ರ 1990ರಲ್ಲಿ ಬಂದ ಮೇಲಂತೂ ಅವು ನಾಡಿನ ಮನೆಮನೆ ತಲುಪಿದವು. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿಶಾಸ್ತ್ರ ಓದಿ, ಭರತನಾಟ್ಯ ಕಲಿತ ರಘು ದೀಕ್ಷಿತ್ ಮುಂದಿನ ಹೆಜ್ಜೆ ಇಟ್ಟರು. 2008ರಲ್ಲಿ ಬಂದ ಅವರ ಬ್ಯಾಂಡಿನ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಗುಡುಗುಡಿಯ ಪದ ಗಿಟಾರು, ಬೇಸ್, ಡ್ರಮ್ಸ್‌ಗಳ ಜೊತೆ ಕೇಳಿಬಂತು. 2010ರಲ್ಲಿ ಅದೇ ಬ್ಯಾಂಡು ಬಿಬಿಸಿ ಟಿ.ವಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ನುಡಿಸಿತು. ಅವರದು ಜಾನಪದ ರಾಕ್, ಹೆವಿ ರಾಕ್ ಅಲ್ಲ. ಹೆವಿ ಮೆಟಲ್ ನುಡಿಸುವ ಬೆಂಗಳೂರಿನ ‘ಕ್ರಿಪ್ಟೋಸ್’ 1998ರಲ್ಲಿ ಆರಂಭವಾಗಿ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದ ವೇದಿಕೆ ಏರಿತು. ಅದರ ಹಾಡುಗಳು ಇಂಗ್ಲಿಷಿನವು. ಶರೀಫರ ಪದ, ಹೆವಿ ರಾಕ್‌ನ ಭಾರ, ಎರಡೂ ಕೂಡುವ ಜಾಗದಲ್ಲಿ ಕೆಲಸ ಇನ್ನೂ ಬಹಳ ಬಾಕಿ ಇದೆ. ಅದನ್ನು ಮಾಡಲು ಹುಬ್ಬಳ್ಳಿ-ಧಾರವಾಡದ ಹುಡುಗ ಹುಡುಗಿಯರಿಗಿಂತ ಹತ್ತಿರದವರು ಯಾರು?

ಮಾತು ಬಂದಾಗ ಗಿಟಾರು

ಆದರೆ ಇಲ್ಲೊಂದು ಅಪಾಯವಿದೆ. ತತ್ವಪದದಲ್ಲಿ ಮಾತೇ ಯಜಮಾನ. ಮೇಳದಲ್ಲಿ ಹಾಡುವವನು ನುಡಿಯೊಂದನ್ನು ಎಳೆದು, ನಿಲ್ಲಿಸಿ, ನಡುವೆ ಅರ್ಥ ಬಿಡಿಸಿ ಹೇಳಬಹುದು. ತಾಳ ಅವನಿಗಾಗಿ ಕಾಯುತ್ತದೆ. ರಾಕ್ ಹಾಡು ಅಳತೆಯೊಳಗೆ ಬಿಗಿದದ್ದು, ಅಷ್ಟು ಕಾಯುವುದಿಲ್ಲ. ಗಿಟಾರಿನ ಗರ್ಜನೆಯಲ್ಲಿ ಮಾತು ಮುಳುಗಿದರೆ ಉಳಿಯುವುದು ಶರೀಫರ ಹೆಸರು ಮಾತ್ರ, ಶರೀಫರಲ್ಲ. ಒಗಟಿನಂಥ ಪದದ ಪಲ್ಲವಿಯನ್ನಷ್ಟೇ ಹಿಡಿದು ಕುಣಿದು, ನುಡಿಗಳನ್ನು ಕೈಬಿಡುವುದು ಸುಲಭ. ಹಾಗೆ ಕೈಬಿಟ್ಟ ನುಡಿ ಒಂದು ತಲೆಮಾರಿನ ಆಚೆ ಯಾರ ಬಾಯಲ್ಲೂ ಇರುವುದಿಲ್ಲ.

ಆದ್ದರಿಂದ ಇಂಥ ಹಾಡು ಕಟ್ಟುವಾಗ ಯಾರು ಎಷ್ಟು ಜೋರಾಗಿ ನುಡಿಸಬೇಕು ಎಂಬುದಕ್ಕಿಂತ, ಮಾತು ಬಂದಾಗ ಯಾರು ನಿಲ್ಲಬೇಕು ಎಂಬುದು ದೊಡ್ಡ ಪ್ರಶ್ನೆ. ಮೊದಲು ಪದವನ್ನು ವಾದ್ಯವಿಲ್ಲದೆ ಓದಿ ಅರ್ಥ ಮಾಡಿಕೊಳ್ಳಬೇಕು. ಅದರ ಮಾತಿನ ಹೆಜ್ಜೆಯಿಂದಲೇ ರಿಫ್ ಹುಟ್ಟಬೇಕು. ನುಡಿ ಬಂದಾಗ ಗಿಟಾರು ಏಕತಾರಿಯಂತೆ ಒಂದೇ ಸ್ವರಕ್ಕೆ ಇಳಿಯಬೇಕು. ಪಲ್ಲವಿ ಬಂದಾಗ ಎಲ್ಲರೂ ಏರಬಹುದು. ಬೇಸ್ ಮತ್ತು ಡ್ರಮ್ಸ್ ಒಂದೇ ಏಟಿಗೆ ಕೂಡಿ ಬೀಳಬೇಕು, ತಬಲಾ ಮತ್ತು ತಾಳದ ಹಾಗೆ. ಇನ್ನೊಂದು ವಿಷಯವೂ ಗೊತ್ತಿರಲಿ. 1889ರಲ್ಲಿ ತೀರಿಹೋದ ಶರೀಫರ ಮಾತು ಎಲ್ಲರ ಆಸ್ತಿ. ಆದರೆ ಅಶ್ವತ್ಥರು ಕೊಟ್ಟ ಧಾಟಿ ಅವರ ಸೃಷ್ಟಿ. ಅದನ್ನು ಮುದ್ರಿಸಿ ಹೊರತರಬೇಕಾದರೆ ಹಕ್ಕುದಾರರ ಅನುಮತಿ ಬೇಕು. ತಮ್ಮದೇ ಧಾಟಿ ಕಟ್ಟಿಕೊಂಡರೆ ಆ ತೊಡಕೂ ಇಲ್ಲ, ಕಲಿಕೆಯೂ ಹೆಚ್ಚು.

ಪಾಲಕರಿಗೆ ಎರಡು ಮಾತು. ಕಿವಿಯ ಚಿಂತೆ ನಿಜವಾದದ್ದು. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದು ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ. ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್ಲಿನಲ್ಲಿ ಅದು 15 ನಿಮಿಷ ಮಾತ್ರ. ಸಣ್ಣ ಕೋಣೆಯಲ್ಲಿ ಡ್ರಮ್ಸ್ ಬಾರಿಸಿದರೆ ಆ ಮಟ್ಟ ಮುಟ್ಟುವುದು ಕಷ್ಟವಲ್ಲ. ಆದ್ದರಿಂದ ಕಿವಿಗೆ ಬಿರಡೆ, ನಡುನಡುವೆ ಬಿಡುವು ಕಡ್ಡಾಯ. ಹೊಸ ರಿಫ್ ಕಲಿಯಲು ಆಂಪ್ಲಿಫೈಯರ್ ಬೇಕಾಗಿಲ್ಲ. ಸಣ್ಣ ಸದ್ದಿನಲ್ಲಿ ತಪ್ಪದೆ ಬಂದದ್ದು ದೊಡ್ಡ ಸದ್ದಿನಲ್ಲೂ ನಿಲ್ಲುತ್ತದೆ.

ಎರಡನೆಯ ಮಾತು ಓದಿನ ಚಿಂತೆಯದು. ಬ್ಯಾಂಡಿನಲ್ಲಿ ಹಾಡು ಕಟ್ಟುವಾಗ ಮಕ್ಕಳು ಕಲಿಯುವುದು ಗಿಟಾರನ್ನಷ್ಟೇ ಅಲ್ಲ. ತನ್ನ ರಿಫ್ ಚೆನ್ನಾಗಿದ್ದರೂ ಹಾಡಿಗೆ ಹೊಂದದಿದ್ದರೆ ಬಿಟ್ಟುಕೊಡುವುದು, ಇನ್ನೊಬ್ಬನ ತಪ್ಪನ್ನು ಜಗಳವಿಲ್ಲದೆ ತಿದ್ದುವುದು, ತನ್ನ ಸರದಿ ಬರುವ ತನಕ ಲೆಕ್ಕ ಹಿಡಿದು ಕಾಯುವುದು. ಇವನ್ನು ಪಠ್ಯಪುಸ್ತಕ ಕಲಿಸುವುದು ಕಡಿಮೆ. ಪರೀಕ್ಷೆಯ ತಿಂಗಳು ಗಿಟಾರನ್ನು ಗೂಟಕ್ಕೆ ತೂಗುಹಾಕಲಿ, ಅದು ಬೇರೆ ಮಾತು. ಆದರೆ ಮಾಳಿಗೆಯ ಸದ್ದು ಕೇಳಿ ಬೈಯುವ ಮೊದಲು ಒಮ್ಮೆ ಮೆಟ್ಟಿಲು ಹತ್ತಿ ಹೋಗಿ ಕೂತು ಕೇಳಿದರೆ ನಷ್ಟವೇನಿಲ್ಲ. ಹಾಡಿನ ಮಾತು ಕೆಳಗೆ ಕುಳಿತವರಿಗೂ ತಿಳಿಯುವ ಹಾಗಿದ್ದರೆ ಬ್ಯಾಂಡು ಸರಿದಾರಿಯಲ್ಲಿದೆ ಎಂದೇ ಅರ್ಥ.

ಹೋಗುವುದು ಹೇಗೆ?

ಧಾರವಾಡದಿಂದ ಹುಬ್ಬಳ್ಳಿಗೆ ರೈಲೂ ಉಂಟು, ಬಸ್ಸೂ ಉಂಟು. ಹುಬ್ಬಳ್ಳಿ-ಹಾವೇರಿ ರೈಲು ಮಾರ್ಗದಲ್ಲಿ ಕುಂದಗೋಳ, ಸಂಶಿ, ಗುಡಗೇರಿ ನಿಲ್ದಾಣಗಳು ಸಾಲಾಗಿ ಸಿಗುತ್ತವೆ. ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲವಾದ್ದರಿಂದ ವೇಳಾಪಟ್ಟಿ ನೋಡಿಕೊಂಡು ಹೊರಡುವುದು ಲೇಸು. ನಾಲ್ಕಾರು ಜನರಾದರೆ ಸ್ವಂತ ವಾಹನವೇ ಅನುಕೂಲ. ಕುಂದಗೋಳ, ಕಳಸ, ಶಿಶುನಾಳ ಮೂರನ್ನೂ ಒಂದೇ ದಿನ ನೋಡಿ ಬರಬಹುದು. ಬುತ್ತಿ ಕಟ್ಟಿಕೊಂಡು ಹೋಗಿ. ಶಿಶುನಾಳದಲ್ಲಿ ಭಜನೆ ನಡೆದಿದ್ದರೆ ಅವಸರ ಮಾಡದೆ ಕೊನೆಯ ಪದದವರೆಗೆ ಕುಳಿತು ಕೇಳಿ.